ನಾಲ್ಕನೆಯ ಹೇಳಿಕೆ

"ಎಡಗಾಲು ಎಳೀತಾ ಇದ್ದ. ತಿರುವಿನಲ್ಲಿ ಕಂಬಿ ಹಿಡ್ಕೊಂಡು ನಿಂತ. ಮೇಲೆ ನೋಡಿದ. ಕನ್ನಡಕ ಫಳ್ಳಂತ ಹೊಳೀತು. ನನ್ನ ಅಕ್ಕನ ಮಗ ಕಣಮ್ಮಾ ಅವನು. ಈ ಕಂಕುಳಲ್ಲಿ ಎತ್ತಿ ಆಡಿಸಿದ್ದೀನಿ. ಅವನ ನಡಿಗೆ ನನಗೆ ತಿಳಿಯಲ್ವಾ?"

ಇಲಿಯಮ್ಮ ಮಾತು ಮುಗಿಸಿದಳು. ಕೈ ಮಾತ್ರ ನಿಲ್ಲಲಿಲ್ಲ. ಹಳೆಯ ಪಂಜರದಿಂದ ಒಂದೊಂದೇ ಇಲಿಯನ್ನು ಬಾಲದ ಬುಡದಲ್ಲಿ ಹಿಡಿದೆತ್ತಿ, ತಕ್ಕಡಿಯ ಮೇಲಿನ ಡಬ್ಬಿಗೆ ಹಾಕಿ, ತೂಕ ನೋಡಿ ಬರೆದು, ತೊಳೆದ ಪಂಜರಕ್ಕೆ ಬಿಡುತ್ತಿದ್ದಳು. ಇಪ್ಪತ್ತೆರಡು ವರ್ಷಗಳಿಂದ ಇದೇ ಕೆಲಸ. ಅವಳ ನಿಜವಾದ ಹೆಸರು ಪ್ರಯೋಗಾಲಯದಲ್ಲಿ ಯಾರಿಗೂ ನೆನಪಿರಲಿಲ್ಲ.

ಇನ್ಸ್‌ಪೆಕ್ಟರ್ ಪೆನ್ನು ಕೆಳಗಿಟ್ಟಳು. ಇದು ನಾಲ್ಕನೆಯ ಹೇಳಿಕೆ. ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ಇದನ್ನೇ ನ್ಯಾಯಾಧೀಶರ ಮುಂದೆ ಇಡಬೇಕು.

ಹನ್ನೊಂದು ದಿನಗಳ ಹಿಂದೆ, ಇದೇ ಕಟ್ಟಡದ ಮೂರನೆಯ ಮಹಡಿಯಲ್ಲಿ, ನೆನಪಿನ ಸಂಶೋಧನೆಯಲ್ಲೇ ತಲೆ ನರೆಸಿಕೊಂಡ ಪ್ರೊಫೆಸರಮ್ಮನನ್ನು ಯಾರೋ ನೂಕಿದ್ದರು. ಕಬ್ಬಿಣದ ಮೇಜಿನ ಅಂಚಿಗೆ ತಲೆ ಬಡಿದು ಅವರು ಅಲ್ಲೇ ಸತ್ತಿದ್ದರು. ಅವರ ಶಿಷ್ಯ, ಎಡಗಾಲು ಕುಂಟುವ, ಮಾತು ಕಡಿಮೆಯಾದ್ದರಿಂದ ಎಲ್ಲರೂ ಮೌನಿ ಎನ್ನುತ್ತಿದ್ದ ತರುಣ, ಈಗ ಜೈಲಿನಲ್ಲಿದ್ದ. ಅವನನ್ನು ಅಲ್ಲಿಗೆ ಕಳಿಸಿದ್ದು ಸ್ವಂತ ಚಿಕ್ಕಮ್ಮನ ಮಾತು. ಪರರು ಹೇಳಿದ್ದರೆ ಅನುಮಾನಿಸಬಹುದಿತ್ತು. ಎತ್ತಿ ಆಡಿಸಿದವಳೇ ಅಳುತ್ತಾ ಬೆರಳು ತೋರಿಸಿದರೆ?

"ನಿಮ್ಮ ಅಕ್ಕ ಏನಂತಾರೆ?"

"ಅವಳು ನನ್ನ ಹತ್ತಿರ ಮಾತು ಬಿಟ್ಟಿದ್ದಾಳೆ. ಮನೆ ಮುಂದೆ ಹೋದರೆ ಬಾಗಿಲು ಹಾಕ್ಕೋತಾಳೆ. ಹಾಕ್ಕೊಳ್ಳಲಿ ಬಿಡಿ. ಹೊಟ್ಟೇಲಿ ಹುಟ್ಟಿದವನು. ಆದ್ರೆ ನಾನು ಕಂಡಿದ್ದನ್ನ ಕಂಡಿಲ್ಲ ಅನ್ನೋಕಾಗುತ್ತಾ? ಸತ್ತೋರು ನನಗೆ ಅನ್ನ ಹಾಕಿದ ತಾಯಿ."

ಸುಳ್ಳು ಹೇಳುವವರನ್ನು ಇನ್ಸ್‌ಪೆಕ್ಟರ್ ಬೇಕಾದಷ್ಟು ನೋಡಿದ್ದಳು. ಅವರ ಕಣ್ಣು ಕೇಳುವವರ ಮುಖದ ಮೇಲಿರುತ್ತದೆ, ಮಾತು ನಾಟಿತೋ ಇಲ್ಲವೋ ಎಂದು. ಇಲಿಯಮ್ಮನ ಕಣ್ಣು ಒಳಗಡೆ ನೋಡುತ್ತಿತ್ತು. ಅಲ್ಲಿ ಯಾವುದೋ ಮೆಟ್ಟಿಲಿತ್ತು, ಯಾವುದೋ ಕನ್ನಡಕ ಹೊಳೆಯುತ್ತಿತ್ತು.

ಆದರೆ ಹಿಂದಿನ ಮೂರು ಹೇಳಿಕೆಗಳನ್ನೂ ಇನ್ಸ್‌ಪೆಕ್ಟರ್ ನಿನ್ನೆ ಪಕ್ಕಪಕ್ಕದಲ್ಲಿಟ್ಟು ಓದಿದ್ದಳು. ಸಾವಾದ ಒಂದು ಗಂಟೆಯೊಳಗೆ ದಫೇದಾರ ಬರೆದುಕೊಂಡ ಮೊದಲನೆಯದರಲ್ಲಿ ಇದ್ದದ್ದು ಇಷ್ಟೇ: 'ಪಂಜರ ತೊಳೆಯುತ್ತಿದ್ದೆ. ಯಾರೋ ಹಿಂದಿನ ಮೆಟ್ಟಿಲು ಇಳಿದು ಹೋದರು. ಬಿಳಿ ಕೋಟು. ಬೆನ್ನು ಮಾತ್ರ ಕಂಡಿತು.' ಎರಡನೆಯದರಲ್ಲಿ ಕಾಲು ಕುಂಟಿತು. ಮೂರನೆಯದರಲ್ಲಿ ಕೈ ಕಂಬಿ ಹಿಡಿಯಿತು, ಮೂಗಿನ ಮೇಲೆ ಕನ್ನಡಕ ಬಂತು. ಇವತ್ತು ಆ ಬೆನ್ನು ತಿರುಗಿ ಮೇಲೆ ನೋಡಿತ್ತು.

ದಿನ ಕಳೆದಂತೆ ನೆನಪು ಮಾಸಬೇಕು. ಇದು ಬೆಳೆಯುತ್ತಿತ್ತು.

"ಆ ದಿನ ನೀವು ನಿಂತಿದ್ದು ಎಲ್ಲಿ?"

"ಇಲ್ಲೇ, ಈ ತೊಟ್ಟಿ ಮುಂದೆ."

ಇನ್ಸ್‌ಪೆಕ್ಟರ್ ತೊಟ್ಟಿಯ ಮುಂದೆ ನಿಂತಳು. ಎದುರಿಗೆ ಕಿಟಕಿ. ಕಿಟಕಿಯಾಚೆ ಕಟ್ಟಡದ ಹಿಂಗೋಡೆಗೆ ಹೊಂದಿಕೊಂಡ ಕಬ್ಬಿಣದ ಮೆಟ್ಟಿಲು. ಗಂಟೆ ಹನ್ನೊಂದೂವರೆ, ಸಾವಾದ ಹೊತ್ತೂ ಅದೇ. ಮೊದಲೇ ಹೇಳಿಟ್ಟಿದ್ದಂತೆ ಅವಳು ಫೋನ್ ಮಾಡಿದಳು. "ದಫೇದಾರ್ರೇ, ಇಳೀರಿ."

ಮೆಟ್ಟಿಲ ಮೇಲೆ ಬೂಟಿನ ಸದ್ದು ಕೇಳಿಸಿತು. ಮನುಷ್ಯ ಕಾಣಲಿಲ್ಲ. ಗಾಳಿಯಂತ್ರದಿಂದ ಹೊರಟ ಒಂದು ದಪ್ಪ ಕೊಳವೆ, ಮೇಲಿಂದ ತಿರುವಿನವರೆಗೆ ಅಡ್ಡ ನಿಂತಿತ್ತು.

"ತಿರುವಿನಲ್ಲಿ ನಿಂತು ಮೇಲೆ ನೋಡಿ."

"ನೋಡ್ತಾ ಇದ್ದೀನಿ ಮೇಡಂ. ಕತ್ತು ನೋವು ಬಂತು," ಎಂದಿತು ಫೋನು.

ಕಿಟಕಿಯಿಂದ ಕಂಡದ್ದು ತುಕ್ಕು ಹಿಡಿದ ಕೊಳವೆ ಮಾತ್ರ. ತಿರುವು ದಾಟಿದ ಮೇಲೆ ದಫೇದಾರ ಕಣ್ಣಿಗೆ ಬಿದ್ದ. ಅಗಲವಾದ ಬೆನ್ನು. ಬೆನ್ನು ಮಾತ್ರ. ಬಿಸಿಲಂತೂ ಆ ಗೋಡೆಗೆ ಇನ್ನೂ ಬಂದೇ ಇರಲಿಲ್ಲ; ಕನ್ನಡಕ ಹೊಳೆಯಬೇಕಾದರೆ ಇನ್ನೆರಡು ಗಂಟೆ ಕಾಯಬೇಕಿತ್ತು.

ಇಲಿಯಮ್ಮ ಪಕ್ಕದಲ್ಲಿ ಬಂದು ನಿಂತಿದ್ದಳು. ಅವಳ ಅಂಗೈಯಲ್ಲಿ ಒಂದು ಇಲಿ ಮೂಗು ಅಲ್ಲಾಡಿಸುತ್ತಿತ್ತು.

"ಆದ್ರೆ... ನಾನು ನೋಡಿದೆನಲ್ಲಮ್ಮಾ." ದನಿ ಒಮ್ಮೆಲೇ ಸಣ್ಣದಾಯಿತು. "ಕಣ್ಮುಚ್ಚಿದರೆ ಈಗಲೂ ಕಾಣುತ್ತೆ. ನಿಮ್ಮನ್ನ ನೋಡ್ತಾ ಇದ್ದೀನಲ್ಲ, ಹಾಗೇ ಕಾಣುತ್ತೆ."

"ಎಷ್ಟು ಸಲ ಕಣ್ಮುಚ್ಚಿ ನೋಡಿದ್ದೀರಿ?"

"ದಿನಾ. ಇಸ್ತ್ರಿ ಸಾಹೇಬ್ರು ಮನೆಗೆ ಬರ್ತಾರಲ್ಲ, ಪಾಪ, ಸಮಾಧಾನ ಹೇಳೋಕೆ. 'ಮನಸ್ಸಲ್ಲಿ ಇಟ್ಕೊಂಡು ಕೊರಗಬೇಡ, ಕಣ್ಮುಚ್ಚು, ಮತ್ತೊಂದು ಸಲ ಹೇಳು, ಹಗುರಾಗುತ್ತೆ' ಅಂತಾರೆ. ನಾನು ಹೇಳ್ತೀನಿ. ಅವರು ಕೇಳ್ತಾರೆ."

"ಸುಮ್ಮನೆ ಕೇಳ್ತಾರಾ, ಏನಾದ್ರೂ ಪ್ರಶ್ನೆ ಹಾಕ್ತಾರಾ?"

"ಹಾಕ್ತಾರೆ. ಕೈ ಎಲ್ಲಿತ್ತು, ಮುಖದ ಮೇಲೆ ಏನಾದ್ರೂ ಹೊಳೀತಾ, ತಿರುಗಿ ನೋಡಿದ್ನಾ, ಅಂತೆಲ್ಲ." ಇಲಿಯನ್ನು ಪಂಜರಕ್ಕೆ ಬಿಡುವುದು ಮರೆತು ಅದನ್ನು ಎದೆಗೊತ್ತಿಕೊಂಡಳು. "ಅಮ್ಮಾ, ನಾನೇನು ಮಾಡ್ಬಿಟ್ಟೆ?"

ಇನ್ಸ್‌ಪೆಕ್ಟರ್ ಅವಳ ಭುಜ ಮುಟ್ಟಿದಳು.

* * *

ಇಸ್ತ್ರಿ ಸಾಹೇಬ ಪ್ರೊಫೆಸರಮ್ಮನ ಕೈಕೆಳಗಿನ ಹಿರಿಯ ವಿಜ್ಞಾನಿ. ಹನ್ನೆರಡು ವರ್ಷಗಳಲ್ಲಿ ಅವನ ಅಂಗಿಯ ಮೇಲೆ ಒಂದು ಸುಕ್ಕು ಕಂಡವರಿಲ್ಲ, ಹೆಸರು ಬಂದದ್ದೂ ಹಾಗೆಯೇ. ಮೂರನೆಯ ಮಹಡಿಯ ಸೂಕ್ಷ್ಮದರ್ಶಕದ ಕೋಣೆಯಲ್ಲಿ ಅವನೊಬ್ಬನೇ ಇದ್ದ. ಕಪ್ಪು ಪರದೆ ಎಳೆದಿತ್ತು. ಯಂತ್ರ ಗುಂಯ್‌ಗುಡುತ್ತಿತ್ತು. ಪ್ರೊಫೆಸರಮ್ಮ ಬಿದ್ದಿದ್ದ ಜಾಗ ಈಗ ಸ್ವಚ್ಛವಾಗಿತ್ತು. ಮೇಜಿನ ಅಂಚಿಗೆ ಯಾರೋ ರಬ್ಬರು ಪಟ್ಟಿ ಅಂಟಿಸಿದ್ದರು, ಹನ್ನೊಂದು ದಿನ ತಡವಾಗಿ.

"ಬನ್ನಿ. ಕೂತ್ಕೊಳ್ಳಿ," ಎಂದ ಅವನು, ಎದ್ದು ನಿಂತು.

ಇನ್ಸ್‌ಪೆಕ್ಟರ್ ಕೂರಲಿಲ್ಲ. ದಫೇದಾರ ಬಾಗಿಲಿಗೆ ಒರಗಿದ.

"ನನಗೊಂದು ಪಾಠ ಬೇಕಿತ್ತು ಸರ್. ನೆನಪು ಅಂದ್ರೆ ಏನು? ತಲೇಲಿ ಎಲ್ಲಿರುತ್ತೆ?"

ಅವನು ಒಂದು ಕ್ಷಣ ಅವಳ ಮುಖ ನೋಡಿದ. ಆದರೆ ಮೇಷ್ಟ್ರ ಜಾತಿಯೇ ಹಾಗೆ, ಪ್ರಶ್ನೆ ಕಿವಿಗೆ ಬಿದ್ದರೆ ಉತ್ತರ ಬಾಯಿಗೆ ಬಂದುಬಿಡುತ್ತದೆ. ಕಂಪ್ಯೂಟರ್ ಪರದೆಯ ಮೇಲೆ ಒಂದು ಚಿತ್ರ ತೆರೆದ. ಕತ್ತಲ ಹಿನ್ನೆಲೆಯಲ್ಲಿ ಹಸಿರು ಬೆಳಕಿನ ಒಂದು ರೆಂಬೆ, ಮೈತುಂಬ ಸಣ್ಣ ಸಣ್ಣ ಮೊಗ್ಗು.

"ಇದು ಇಲಿಯ ಮಿದುಳಿನ ಒಂದೇ ಒಂದು ನರಕೋಶದ ಕವಲು. ಈ ಮೊಗ್ಗು ಇದ್ಯಲ್ಲ, ಒಂದೊಂದೂ ಇನ್ನೊಂದು ಕೋಶದ ಜೊತೆ ಮಾತಾಡೋ ಜಾಗ. ಸಂಧಿ ಅಂತೀವಿ. ಎರಡರ ಮಧ್ಯೆ ಕಣ್ಣಿಗೆ ಕಾಣದಷ್ಟು ಬಿರುಕು. ಆ ಕಡೆ ಕೋಶ ಒಂದು ರಾಸಾಯನಿಕ ಚೆಲ್ಲುತ್ತೆ, ಈ ಕಡೇದು ಹಿಡ್ಕೊಳ್ಳುತ್ತೆ. ಅಷ್ಟೇ ಮಾತು."

"ಇದರಲ್ಲಿ ನೆನಪೆಲ್ಲಿ?"

"ಯಾವ ಒಂದು ಕೋಶದಲ್ಲೂ ಇಲ್ಲ. ಯಾವುದು ಯಾವುದರ ಜೊತೆ ಎಷ್ಟು ಗಟ್ಟಿಯಾಗಿ ಸೇರಿದೆ ಅನ್ನೋದ್ರಲ್ಲಿದೆ. ಎರಡು ಕೋಶ ಒಟ್ಟೊಟ್ಟಿಗೆ ಪದೇ ಪದೇ ಎಚ್ಚೆತ್ತರೆ, ಅವುಗಳ ಮಧ್ಯದ ಸಂಧಿ ಬಲಿಯುತ್ತೆ. ಮೊಗ್ಗು ದಪ್ಪ ಆಗುತ್ತೆ, ರಾಸಾಯನಿಕ ಹಿಡಿಯೋ ಕೈಗಳು ಜಾಸ್ತಿ ಆಗುತ್ತೆ. ಆಮೇಲೆ ಒಂದು ಮಿಸುಕಿದ್ರೆ ಇನ್ನೊಂದು ತಾನಾಗೇ ಮಿಸುಕುತ್ತೆ. ವಾಸನೆ ಬಂತು ಅಂದ್ರೆ ಆ ಮನೆ ನೆನಪಾಯ್ತು, ಹಾಗೆ. ಬಳಸದೆ ಬಿಟ್ಟರೆ ಸೊರಗುತ್ತೆ."

"ಒಂದು ಸಲ ಬಲಿತದ್ದು ಹಾಗೇ ಇರುತ್ತಾ?"

ಅವನು ತೋಳಿನ ಗುಂಡಿಯನ್ನು ಒಮ್ಮೆ ಮುಟ್ಟಿ ನೋಡಿಕೊಂಡ.

"ಇಲ್ಲ," ಎಂದ. "ನೆನಪಿಸಿಕೊಂಡಾಗ ಸಡಿಲ ಆಗಬಹುದು. ಎಲ್ಲ ನೆನಪೂ ಅಲ್ಲ, ಯಾವಾಗಲೂ ಅಲ್ಲ. ಆದರೆ ಆಗುತ್ತೆ. ಒಂದಷ್ಟು ಗಂಟೆ ಅದು ಹಸಿಯಾಗಿರುತ್ತೆ. ಮತ್ತೆ ಗಟ್ಟಿಯಾಗಬೇಕಾದರೆ ಕೋಶ ಹೊಸದಾಗಿ ಪ್ರೋಟೀನು ತಯಾರಿಸಬೇಕು."

"ಹಸಿಯಾಗಿದ್ದಾಗ ಹೊಸದೇನಾದ್ರೂ ಬಿದ್ದರೆ?"

"ಸೇರ್ಕೊಂಡೇ ಗಟ್ಟಿಯಾಗಬಹುದು. ಆಮೇಲೆ ಯಾವುದು ಹಳೇದು ಯಾವುದು ಹೊಸದು ಅಂತ ನೆನಪಿನ ಒಡೆಯನಿಗೇ ಗೊತ್ತಾಗಲ್ಲ."

"ಅದಕ್ಕೇ ಮತ್ತೆ!" ಬಾಗಿಲ ಬಳಿಯಿಂದ ದಫೇದಾರ ಬಾಯಿ ಹಾಕಿದ. "ಮದುವೆಯಾದ ವರ್ಷದ ಒಂದು ಜಗಳಾನ ನನ್ನ ಹೆಂಡತಿ ವಾರಕ್ಕೊಂದ್ಸಲ ತೆಗೆದು ನೋಡ್ತಾಳೆ ಸರ್. ತೆಗೆದಾಗೆಲ್ಲ ನನ್ನ ತಪ್ಪು ಒಂದು ಹೆಚ್ಚಾಗಿರುತ್ತೆ."

ಯಾರೂ ನಗಲಿಲ್ಲ. ಇನ್ಸ್‌ಪೆಕ್ಟರ್ ಎರಡು ಹೆಜ್ಜೆ ಹತ್ತಿರ ಬಂದಳು.

"ಇಷ್ಟು ತಿಳಿದವರು, ದಿನಾ ಇಲಿಯಮ್ಮನ ಮನೆಗೆ ಹೋಗಿ ಕಣ್ಮುಚ್ಚಿಸಿ ಕೂರಿಸಿದ್ದು ಯಾಕೆ?"

"ಸಮಾಧಾನ ಹೇಳೋಕೆ."

"'ಮುಖದ ಮೇಲೆ ಏನಾದ್ರೂ ಹೊಳೀತಾ' ಅನ್ನೋದು ಸಮಾಧಾನದ ಮಾತಾ?"

ಅವಳು ಫೈಲಿನಿಂದ ಒಂದು ಲಕೋಟೆ ತೆಗೆದಳು. ಪ್ರೊಫೆಸರಮ್ಮನ ಮೇಜಿನ ಖಾನೆಯಲ್ಲಿ ನಿನ್ನೆ ಸಿಕ್ಕಿದ್ದು. ಮೇಲೆ ಅವರದೇ ಅಕ್ಷರ: 'ಕೇಳಬೇಕು.' ಒಳಗಿದ್ದದ್ದು ಎರಡು ಫೋಟೋ. ಇಸ್ತ್ರಿ ಸಾಹೇಬನ ಹೆಸರಾದ ಪ್ರಬಂಧದಿಂದ ಕತ್ತರಿಸಿದ್ದವು. ಒಂದರ ಕೆಳಗೆ 'ಕಲಿಯುವ ಮುನ್ನ', ಇನ್ನೊಂದರ ಕೆಳಗೆ 'ಕಲಿತ ನಂತರ'.

ಅವಳು ಎರಡನ್ನೂ ಮೇಜಿನ ಮೇಲೆ ಜೋಡಿಸಿದಳು.

"ನನಗೆ ವಿಜ್ಞಾನ ಬರಲ್ಲ. ಆದರೆ ಇದರ ಎಡಮೂಲೇಲಿ ಒಂದು ಗೀರಿದೆ. ಅದರ ಬಲಮೂಲೇಲೂ ಅದೇ ಗೀರು, ತಿರುಗಿಸಿದ ಹಾಗೆ. ಎರಡು ಬೇರೆ ಬೇರೆ ಇಲಿ ಅಂತ ಬರೆದಿದ್ದೀರಿ. ಒಂದೇ ಚಿತ್ರಾನ ಕನ್ನಡೀಲಿ ತೋರಿಸಿ ನಾಲ್ಕು ಮೊಗ್ಗು ದಪ್ಪ ಮಾಡಿದ್ದೀರಿ, ಅಲ್ವಾ?"

ಇಸ್ತ್ರಿ ಸಾಹೇಬ ಕೂತ. ಕೂತ ರಭಸಕ್ಕೆ ಅಂಗಿಯ ಹೊಟ್ಟೆಯ ಮೇಲೆ ಒಂದು ದೊಡ್ಡ ಮಡಿಕೆ ಬಿತ್ತು. ಅವನು ಅದನ್ನು ಸರಿಮಾಡಲಿಲ್ಲ.

"ಹೌದು," ಎಂದ. "ಅವರಿಗೆ ಗೊತ್ತಾಗಿತ್ತು. ಒಂದು ವಾರ ಕೊಟ್ಟಿದ್ರು. 'ನೀನಾಗೇ ಹೇಳು, ಇಲ್ಲಾಂದ್ರೆ ನಾನು ಹೇಳ್ತೀನಿ' ಅಂದಿದ್ರು. ಆ ವಾರ ಮುಗಿಯೋ ಮುಂಚೆ ಅವರೇ ಹೋಗ್ಬಿಟ್ರು."

"ನಿಮಗೆ ಅನುಕೂಲ ಆಯ್ತು."

"ಆಯ್ತು. ಸುಳ್ಳು ಯಾಕೆ ಹೇಳ್ಲಿ? ಆದರೆ ಮೇಡಂ, ಹನ್ನೊಂದರಿಂದ ಹನ್ನೆರಡರವರೆಗೆ ನಾನು ಕೆಳಗಡೆ ಪಾಠ ಮಾಡ್ತಾ ಇದ್ದೆ. ಅರವತ್ತು ಜನ ಇದ್ರು. ಹಾಜರಿ ಪುಸ್ತಕ ನೀವೇ ತಗೊಂಡು ಹೋಗಿದ್ದೀರಿ. ಪಾಠದ ವಿಡಿಯೋ ಕೂಡ ಇದೆ."

ಅದು ನಿಜ. ವಿಡಿಯೋವನ್ನು ಅವಳೇ ಎರಡು ಸಲ ನೋಡಿದ್ದಳು. ಒಂದು ನಿಮಿಷ ಕೂಡ ಅವನು ಕರಿಹಲಗೆ ಬಿಟ್ಟು ಕದಲಿರಲಿಲ್ಲ.

"ಹಾಗಾದ್ರೆ ಕೊಲೆ ಮಾಡದವನಿಗೆ ಸಾಕ್ಷಿಯ ನೆನಪನ್ನ ಬೆಳೆಸೋ ಉಸಾಬರಿ ಯಾಕೆ?"

"ಮೌನೀನೇ ಮಾಡಿದ್ದು ಅಂತ ತೀರ್ಮಾನವಾದರೆ ಪ್ರೊಫೆಸರಮ್ಮನ ಖಾನೆಗಳನ್ನ ಯಾರೂ ಕೆದಕಲ್ಲ ಅಂದುಕೊಂಡೆ." ಅವನು ಮುಖ ಎತ್ತಿದ. ಕಣ್ಣು ಕೆಂಪಾಗಿತ್ತು. "ಆದರೆ ಬೀಜ ನಾನು ಹಾಕಿದ್ದಲ್ಲ. ಮೊಳಕೆ ಒಡೆದದ್ದಕ್ಕೆ ನೀರು ಹಾಕಿದೆ ಅಷ್ಟೇ."

"ಬೀಜ ಯಾರು ಹಾಕಿದ್ದು?"

"ಎರಡನೇ ಹೇಳಿಕೆ ತಗೊಂಡ ದಿನ ನಾನು ಠಾಣೆಯ ಹೊರಗಡೆ ಬೆಂಚಿನ ಮೇಲೆ ಕೂತಿದ್ದೆ. ಬಾಗಿಲು ತೆರೆದಿತ್ತು. ಇಲಿಯಮ್ಮ 'ಬಿಳಿ ಕೋಟು, ಬೆನ್ನು' ಅಂದಳು. ಆಮೇಲೆ ಒಂದು ಹೆಂಗಸಿನ ದನಿ ಕೇಳಿತು, 'ಸರಿಯಾಗಿ ನೆನಪಿಸ್ಕೊಳ್ಳಿ, ಎಡಗಾಲು ಎಳೀತಿದ್ನಾ?' ಅಂತ. ಆ ದನಿ ಯಾರದು ಮೇಡಂ?"

ಇನ್ಸ್‌ಪೆಕ್ಟರ್ ಫೈಲು ತೆರೆದಳು. ಎರಡನೆಯ ಹೇಳಿಕೆ. ದಫೇದಾರನ ದುಂಡು ಅಕ್ಷರ. ಇಲಿಯಮ್ಮನ ಉತ್ತರಗಳಷ್ಟೇ ಇದ್ದವು. ಪ್ರಶ್ನೆಗಳಿರಲಿಲ್ಲ.

"ದಫೇದಾರ್ರೇ?"

ದಫೇದಾರ ತನ್ನ ಬೂಟು ನೋಡುತ್ತಿದ್ದ. "ನೀವೇ ಕೇಳಿದ್ದು ಮೇಡಂ. ಮೌನಿ ಪ್ರೊಫೆಸರಮ್ಮನ ಜೊತೆ ಜಗಳ ಆಡಿದ್ದ ಅಂತ ಆವತ್ತು ಬೆಳಿಗ್ಗೆ ಸುದ್ದಿ ಬಂದಿತ್ತಲ್ಲ. ನೀವು ಬಿಸಿಯಾಗಿದ್ರಿ. ನಾನು ಉತ್ತರ ಮಾತ್ರ ಬರ್ಕೊಂಡೆ, ಪ್ರಶ್ನೆ ಬರೆಯೋ ರೂಢಿ ಇಲ್ಲ ನೋಡಿ."

ಅವಳಿಗೆ ಅದು ನೆನಪಿರಲಿಲ್ಲ. ಒಂದಿಷ್ಟೂ ಇರಲಿಲ್ಲ. ಅವಳ ನೆನಪಿನಲ್ಲಿ ಇಲಿಯಮ್ಮ ತಾನಾಗಿಯೇ 'ಕುಂಟುತ್ತಿದ್ದ' ಎಂದಿದ್ದಳು. ಹೇಳುವಾಗ ತುಟಿ ನಡುಗಿದ್ದು ಕೂಡ ಕಣ್ಣಿಗೆ ಕಟ್ಟಿದಂತಿತ್ತು. ಇಷ್ಟು ದಿನ ಒಬ್ಬ ತರುಣ ಸರಳುಗಳ ಹಿಂದೆ ಕೂತದ್ದು ತನ್ನ ಬಾಯಿಂದ ಜಾರಿದ ಆ ಒಂದು ಪ್ರಶ್ನೆಗೆ.

"ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ದೊಡ್ಡೋರು ಸುಮ್ನೆ ಹೇಳಿಲ್ಲ," ಎಂದು ದಫೇದಾರ ಗೊಣಗಿದ. ಅವನಿಗೆ ಅವಳನ್ನು ಚುಚ್ಚುವ ಉದ್ದೇಶವಿರಲಿಲ್ಲ. ಆದರೂ ಚುಚ್ಚಿತು.

ಅವಳು ಫೋಟೋಗಳನ್ನು ಲಕೋಟೆಗೆ ಸೇರಿಸಿದಳು.

"ಊರು ಬಿಟ್ಟು ಹೋಗಬೇಡಿ. ಇಲಿಯಮ್ಮನ ಮನೆ ಕಡೆ ಮುಖ ಹಾಕಿದರೆ ಒಳಗೆ ಹಾಕ್ತೀನಿ."

"ನಾಳೆ ಅವನನ್ನ ಬಿಡಿಸ್ತೀರಾ?" ಎಂದು ಕೇಳಿದ ಇಸ್ತ್ರಿ ಸಾಹೇಬ. ಆ ದನಿಯಲ್ಲಿ ಭಯವಿತ್ತೋ, ಒಂದು ಬಗೆಯ ಬಿಡುಗಡೆಯಿತ್ತೋ ಅವಳಿಗೆ ತಿಳಿಯಲಿಲ್ಲ.

"ಬಿಡಿಸ್ತೀನಿ," ಎಂದಳು.

ಮೆಟ್ಟಿಲಿಳಿಯುವಾಗ ಫೋನ್ ಬಂತು. ಜೈಲಿನ ಅಧಿಕಾರಿ.

"ಮೇಡಂ, ನಿಮ್ಮ ಮೌನಿ ಬಾಯಿ ಬಿಟ್ಟಿದ್ದಾನೆ. ತಪ್ಪೊಪ್ಪಿಗೆ ಬರೆದು ಕೊಡ್ತಾನಂತೆ. ನಿಮ್ಮ ಮುಂದೆ ಮಾತ್ರ ಹೇಳೋದಂತೆ."

* * *

ಜೈಲಿನ ಭೇಟಿಯ ಕೋಣೆಯಲ್ಲಿ ನೆಲಕ್ಕೆ ಬೋಲ್ಟು ಹಾಕಿದ ಒಂದು ಮೇಜು, ಮೂರು ಕುರ್ಚಿ, ಎತ್ತರದಲ್ಲಿ ಒಂದು ಕಿಟಕಿ. ಮೌನಿ ಕನ್ನಡಕ ಕಳಚಿ ಕೈಯಲ್ಲಿ ಹಿಡಿದಿದ್ದ. ತೆಳ್ಳಗಾಗಿದ್ದ. ಆದರೆ ಮುಖದಲ್ಲಿ ಒಂದು ನೆಮ್ಮದಿಯಿತ್ತು, ಜ್ವರ ಬಿಟ್ಟವನ ಹಾಗೆ.

"ನಾನೇ ನೂಕಿದ್ದು ಮೇಡಂ."

ದಫೇದಾರ ಪೆನ್ನು ತೆಗೆದ. ಇನ್ಸ್‌ಪೆಕ್ಟರ್ ತಡೆದಳು. "ಈ ಸಲ ನನ್ನ ಪ್ರಶ್ನೆಗಳನ್ನೂ ಬರ್ಕೊಳ್ಳಿ." ಆಮೇಲೆ ಅವನತ್ತ ತಿರುಗಿದಳು. "ಮೊದಲ ದಿನ ನೀನು ಮಾಡಿಲ್ಲ ಅಂದಿದ್ದೆ."

"ಆಗ ನೆನಪಿರಲಿಲ್ಲ. ದಿಗಿಲಿಗೆ ಮರೆತುಹೋಗಿತ್ತು ಅನ್ಸುತ್ತೆ. ಈಗ ಬಂದಿದೆ. ಮೊದಲು ಚೂರುಚೂರಾಗಿ ಬಂತು. ಆಮೇಲೆ ಪೂರ್ತಿ." ಇಪ್ಪತ್ತಾರು ವರ್ಷದಲ್ಲಿ ಒಟ್ಟು ಆಡಿದ್ದಕ್ಕಿಂತ ಹೆಚ್ಚು ಮಾತು ಅವನ ಬಾಯಿಂದ ಬರುತ್ತಿತ್ತು. "ಅವರು ನನ್ನ ಲೆಕ್ಕ ತಪ್ಪು ಅಂದ್ರು. ಮತ್ತೆ ಮೊದಲಿಂದ ಮಾಡು ಅಂದ್ರು. ಎರಡು ವರ್ಷದ ಕೆಲಸ. ನನಗೆ ಕಣ್ಣು ಕತ್ತಲಾಯ್ತು. ನೂಕಿದೆ. ಆಮೇಲೆ ಹಿಂದಿನ ಮೆಟ್ಟಿಲು ಇಳಿದೆ. ತಿರುವಿನಲ್ಲಿ ಕಂಬಿ ಹಿಡ್ಕೊಂಡೆ. ಕಿಟಕೀಲಿ ಚಿಕ್ಕಮ್ಮ ಕಾಣಿಸಿದಳು. ಅವಳನ್ನ ಬೈಬೇಡಿ ಅಂತ ಅಮ್ಮನಿಗೆ ಹೇಳಿ ಮೇಡಂ. ಅವಳು ನಿಜಾನೇ ಹೇಳಿದ್ದಾಳೆ."

ಇನ್ಸ್‌ಪೆಕ್ಟರ್ ದಫೇದಾರನ ಮುಖ ನೋಡಿದಳು. ತಿರುವಿನಿಂದ ಆ ಕಿಟಕಿ ಕಾಣುವುದಿಲ್ಲ. ಎರಡು ಗಂಟೆಯ ಹಿಂದೆ ಅವಳೇ ನಿಂತು ನೋಡಿ ಬಂದಿದ್ದಳು. ಹುಸಿ ನೆನಪು ಸಾಕ್ಷಿಯ ತಲೆಯಿಂದ ಆರೋಪಿಯ ತಲೆಗೂ ದಾಟಿತ್ತು. ಹೇಳಿಕೆಗಳನ್ನು ಅವನ ಮುಂದೆ ಓದಿದವರು ಯಾರು? ಅವಳೇ. ಒಂದಲ್ಲ, ಮೂರು ಸಲ.

"ನೋಡಪ್ಪಾ," ಎಂದಳು ಮೆಲ್ಲಗೆ. "ನೀನು ಮಾಡಿಲ್ಲ. ನಿನ್ನ ಚಿಕ್ಕಮ್ಮ ನಿನ್ನನ್ನ ನೋಡಿಲ್ಲ, ನೋಡೋಕೆ ಸಾಧ್ಯಾನೇ ಇಲ್ಲ. ನಾಳೆ ನಿನ್ನನ್ನ ಬಿಡಿಸ್ತೀನಿ. ನಿನ್ನ ತಲೇಲಿರೋದು ನಾವು ಹಾಕಿದ್ದು."

ಅವನು ತಲೆಯಾಡಿಸಿದ. ದೊಡ್ಡವರೊಬ್ಬರು ಸಮಾಧಾನಕ್ಕೆ ಹೇಳುವ ಸುಳ್ಳನ್ನು ಮಕ್ಕಳು ಕೇಳುವಂತೆ ಕೇಳಿದ.

"ಇಲ್ಲ ಮೇಡಂ. ನಾನು ಅವರನ್ನ ಹಾಗೇ ಬಿಟ್ಟು ಹೋಗಲಿಲ್ಲ. ಅವರ ತಲೆ ನೆಲದ ಕಲ್ಲಿನ ಮೇಲಿತ್ತು. ತಣ್ಣಗಿತ್ತು ಕಲ್ಲು. ನೋಡೋಕಾಗಲಿಲ್ಲ. ಕರವಸ್ತ್ರ ತೆಗೆದು, ನಾಲ್ಕು ಮಡಿಕೆ ಮಾಡಿ ತಲೆಯಡಿ ಇಟ್ಟೆ."

ಇನ್ಸ್‌ಪೆಕ್ಟರ್ ಮುಂದಕ್ಕೆ ಬಾಗಿದಳು.

"ಯಾವ ಕರವಸ್ತ್ರ ಮೇಡಂ?" ಎಂದ ದಫೇದಾರ, ಬರೆಯುವುದು ನಿಲ್ಲಿಸಿ. "ನಮ್ಮ ಕಾಗದದಲ್ಲಿ ಕರವಸ್ತ್ರದ ಸುದ್ದಿಯೇ ಇಲ್ವಲ್ಲ?"

ಇರಲಿಲ್ಲ. ಯಾವ ಕಾಗದದಲ್ಲೂ ಇರಲಿಲ್ಲ. ಶವವನ್ನು ಎತ್ತಿದಾಗ ಮಾತ್ರ ಅದು ಕಂಡಿತ್ತು, ಕೂದಲಿಗೆ ಅಂಟಿಕೊಂಡು, ನಾಲ್ಕು ಮಡಿಕೆಯಾಗಿ. ಆ ಕ್ಷಣ ದಫೇದಾರ ಹೊರಗೆ ಜನರನ್ನು ತಡೆಯುತ್ತಿದ್ದ. ಕೋಣೆಯಲ್ಲಿದ್ದವರು ಇಬ್ಬರೇ. ಒಬ್ಬಳು ಅವಳು. ಇನ್ನೊಬ್ಬರು ಶವಪರೀಕ್ಷೆಯ ಡಾಕ್ಟರು, ಅವಳ ಅಕ್ಕನ ಗಂಡ. ಅಪ್ಪ ಹೋದ ಮೇಲೆ ಅವಳಿಗೆ ಸೈಕಲ್ ಕಲಿಸಿದವರು, ಪೊಲೀಸ್ ಕೆಲಸ ಬೇಡವೆಂದು ಮನೆಮಂದಿಯೆಲ್ಲ ಎಗರಾಡಿದಾಗ 'ಹೋಗಲಿ ಬಿಡಿ, ಅವಳ ಇಷ್ಟ' ಎಂದು ಪರ ನಿಂತವರು, ಬಾವ.

'ಇದನ್ನ ಬರೀಬೇಡ ಪುಟ್ಟೀ,' ಎಂದಿದ್ದು ಬಾವನೇ. 'ಮುಚ್ಚಿಟ್ಟುಕೋ. ನಿಜವಾದವನು ಸಿಕ್ಕಿದಾಗ ಅವನ ಬಾಯಿಂದಲೇ ಬರಲಿ. ಅದೇ ನಿನ್ನ ಗಟ್ಟಿ ಸಾಕ್ಷಿ.'

"ಬಣ್ಣ ಯಾವುದು?" ಅವಳ ದನಿ ಅವಳಿಗೇ ಅಪರಿಚಿತವಾಗಿ ಕೇಳಿತು. "ಕರವಸ್ತ್ರದ ಬಣ್ಣ?"

"ಬಿಳಿ. ನೀಲಿ ಅಂಚು." ಅವನು ತಡವರಿಸಲೇ ಇಲ್ಲ. "ನನ್ನ ಹತ್ತಿರ ಇರೋವೆಲ್ಲ ಅಂಥವೇ. ಅಮ್ಮ ತರೋದು."

ಅವಳ ಬೀರುವಿನಲ್ಲಿ ಮೊಹರು ಮಾಡಿಟ್ಟ ಲಕೋಟೆಯೊಳಗಿದ್ದದ್ದು ಕಂದು ಚೌಕುಳಿಯದು.

ಕರವಸ್ತ್ರವಿತ್ತು ಎಂಬುದು ಅವನಿಗೆ ಗೊತ್ತಿತ್ತು. ಅದು ಹೇಗಿತ್ತೆಂದು ಗೊತ್ತಿರಲಿಲ್ಲ. ಮಾತಾಗಿ ಕೇಳಿದ್ದನ್ನು ಅವನ ಮನಸ್ಸು ತನ್ನ ಜೇಬಿನ ಬಟ್ಟೆಯಿಂದ ತುಂಬಿಕೊಂಡಿತ್ತು.

"ಇದನ್ನ ನಿನಗೆ ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ ಮೇಡಂ. ನನಗೆ ನೆನಪಿದೆ."

ಅವಳು ಎದ್ದು ಹೊರಗೆ ಬಂದಳು. ಅಧಿಕಾರಿಯ ಮೇಜಿನ ಮೇಲಿಂದ ಭೇಟಿಯವರ ಪುಸ್ತಕ ಎಳೆದುಕೊಂಡು ಮೌನಿಯ ಸಂಖ್ಯೆ ಹುಡುಕಿದಳು. ಪೊಲೀಸರ ಭೇಟಿ ಬಿಟ್ಟರೆ ಇಷ್ಟು ದಿನಕ್ಕೆ ನಾಲ್ಕೇ ಸಾಲು. ಮೊದಲನೆಯದು ತಾಯಿಯ ಹೆಬ್ಬೆಟ್ಟು. ಉಳಿದ ಮೂರರಲ್ಲೂ ಒಂದೇ ಸಹಿ, ಕೊನೆಯಕ್ಷರದ ಬಾಲ ಉದ್ದಕ್ಕೆ ಎಳೆದದ್ದು. ಚಿಕ್ಕಂದಿನಲ್ಲಿ ಅವಳ ಶಾಲೆಯ ಅಂಕಪಟ್ಟಿಗಳ ಮೇಲೆ ಬೀಳುತ್ತಿದ್ದ ಸಹಿ.

ಹಿಂದೆ ಬಂದು ನಿಂತ ದಫೇದಾರ ಅವಳ ಭುಜದ ಮೇಲಿಂದ ಬಗ್ಗಿ ಓದಿದ. ಅವನ ಮುಖದ ತಮಾಷೆಯೆಲ್ಲ ಇಳಿದುಹೋಯಿತು.

"ಸತ್ತೋರನ್ನ ನೋಡೋ ಡಾಕ್ಟ್ರಿಗೆ ಬದುಕಿರೋನ ಹತ್ತಿರ ಮೂರು ಸಲ ಏನು ಕೆಲಸ ಮೇಡಂ?"

ಅವಳು ಪುಸ್ತಕ ಮುಚ್ಚಿದಳು. ಜೇಬಿನಲ್ಲಿ ಫೋನ್ ಅಲುಗಿತು. ಅಕ್ಕ.

"ಊಟಕ್ಕೆ ಬರ್ತೀಯೇನೇ? ಬಡಿಸ್ತಾ ಇದ್ದೀನಿ. ಎಷ್ಟು ದಿನ ಆಯ್ತು ನೀನು ಮನೆ ಕಡೆ ಬಂದು! ಇರು, ನಿನ್ನ ಬಾವ ಕೈ ಚಾಚ್ತಾ ಇದ್ದಾರೆ, ಏನೋ ಕೇಳಬೇಕಂತೆ."

ಫೋನ್ ಕೈಯಿಂದ ಕೈಗೆ ದಾಟಿದ ಸದ್ದು. ತಟ್ಟೆಯೊಂದು ಸರಿದ ಸದ್ದು. ಜೈಲಿಗೆ ಹೊರಟದ್ದನ್ನು ಅವಳು ಮನೆಯವರಾರಿಗೂ ಹೇಳಿರಲಿಲ್ಲ.

"ಪುಟ್ಟೀ," ಎಂದಿತು ಬಾವನ ದನಿ, ಎಂದಿನ ಅದೇ ಅಕ್ಕರೆಯಲ್ಲಿ. "ಆ ಹುಡುಗನಿಗೆ ಎಲ್ಲಾ ನೆನಪಿಗೆ ಬಂತಾ?"